ಬ್ಲಾಕ್ ಅಳೆಯೋಕೆ ಟೇಪಾ, ಟೋಟಲ್ ಸ್ಟೇಷನ್ನಾ, ಸ್ಕ್ಯಾನರ್ರಾ?

ಗೋವಾದ ವಾಸ್ಕೋದಲ್ಲಿ ಹಡಗು ಕಟ್ಟುವ ಸಣ್ಣ ಯಾರ್ಡ್ ನಡೆಸುವ ಹುಬ್ಬಳ್ಳಿಯ ಗೆಳೆಯರೊಬ್ಬರು ಇದನ್ನೇ ಕೇಳಿದರು. ಬ್ಲಾಕ್ ಅಂದರೆ ಹಡಗಿನ ಒಡಲಿನ ಒಂದು ದೊಡ್ಡ ತುಂಡು; ಇಂಥವನ್ನು ನೆಲದ ಮೇಲೆ ಕಟ್ಟಿ, ಆಮೇಲೆ ಎತ್ತಿ ಕೂರಿಸಿ ಒಂದಕ್ಕೊಂದು ವೆಲ್ಡ್ ಮಾಡುತ್ತಾರೆ.

ಟೇಪು, ನೇರ ನೋಡುವ ತೂಗುಗುಂಡು, ಮಟ್ಟ ನೋಡುವ ನೀರಿನ ಪೈಪು: ಖರ್ಚಿಲ್ಲ, ಕೈಗೆ ಪಳಗಿದ್ದು. ಉದ್ದ ಅಗಲಕ್ಕೆ ಸಾಕು. ಆದರೆ ಬ್ಲಾಕ್ ತಿರುಚಿಕೊಂಡಿದ್ದರೆ ಟೇಪಿಗೆ ಸಿಗುವುದು ಕಷ್ಟ. ನಾನಿದ್ದ ಒಂದು ಯಾರ್ಡಿನಲ್ಲಿ ಕಾಗದದ ಮೇಲೆ ಎಲ್ಲ ಸರಿಯಿತ್ತು, ಕ್ರೇನಿನಲ್ಲಿ ಎತ್ತಿ ಕೂರಿಸಿದ ಮೇಲೆ ನೋಡಿದರೆ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಗ್ಯಾಪ್, ಮತ್ತೆ ಗ್ಯಾಸ್ ಕಟರ್, ಮತ್ತೆ ವೆಲ್ಡಿಂಗ್, ಕ್ರೇನ್ ಸುಮ್ನೆ ಕಾಯುತ್ತಾ ನಿಂತಿತ್ತು.

ಟೋಟಲ್ ಸ್ಟೇಷನ್ (ದೂರ, ಕೋನ ಎರಡನ್ನೂ ಅಳೆಯುವ ಸರ್ವೇ ಉಪಕರಣ) ಆದರೆ ಬ್ಲಾಕಿನ ಅಂಚಿಗೆ ಸ್ಟಿಕರ್ ಟಾರ್ಗೆಟ್ ಅಂಟಿಸಿ ಒಂದೊಂದೇ ಪಾಯಿಂಟ್ ಹಿಡಿಯುತ್ತೀರಿ. ಮಿಲಿಮೀಟರ್ ಆಸುಪಾಸಿನ ಲೆಕ್ಕ. ಅದನ್ನು ತ್ರೀಡಿ ಮಾಡೆಲ್ ಮೇಲೆ ಕೂರಿಸಿ ನೋಡಿದರೆ ಜೋಡಣೆಗೆಂದು ಬಿಟ್ಟ ಹೆಚ್ಚುವರಿ ಅಂಚನ್ನು ಬ್ಲಾಕ್ ಎತ್ತುವ ಮೊದಲು ನೆಲದ ಮೇಲೇ ಕತ್ತರಿಸಬಹುದು. ದುಡ್ಡು ಉಳಿಯುವುದು ಇಲ್ಲೇ, ಅಲ್ವಾ?

ಲೇಸರ್ ಸ್ಕ್ಯಾನರ್ ಸೆಕೆಂಡಿಗೆ ಲಕ್ಷಗಟ್ಟಲೆ ಪಾಯಿಂಟ್ ತೆಗೆಯುತ್ತದೆ, ಪ್ಲೇಟಿನ ಉಬ್ಬು ತಗ್ಗೂ ಕಾಣುತ್ತದೆ. ಫೈಲ್ ಮಾತ್ರ ಭಾರಿ. ಹೊಳೆಯುವ ಪ್ಲೇಟ್ ಕಂಡರೆ ತಡವರಿಸುತ್ತದೆ. ಡೇಟಾ ಜೋಡಿಸಲು ಬಲ್ಲವರೇ ಬೇಕು.

ಯಾವುದು ತಗೊಂಡರೂ ಬಿಸಿಲು ಬಿಡುವುದಿಲ್ಲ. 12 ಮೀಟರ್ ಉಕ್ಕು 10 ಡಿಗ್ರಿ ಜಾಸ್ತಿ ಕಾದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಗೋವಾದ ಮಧ್ಯಾಹ್ನ ಬೇಡ, ಬೆಳಿಗ್ಗೆ ಬೇಗ ಅಳೆಯಿರಿ.

ಹೊಸ ಹಡಗಿನ ಬ್ಲಾಕಿಗೆ ನನ್ನ ಓಟು ಟೋಟಲ್ ಸ್ಟೇಷನ್‌ಗೆ, ಮೊದಲು ಬಾಡಿಗೆಗೆ ತನ್ನಿ. ಡ್ರಾಯಿಂಗೇ ಇಲ್ಲದ ಹಳೇ ಹಡಗು ರಿಪೇರಿಗೆ ಬಂದರೆ ಆಗ ಸ್ಕ್ಯಾನರ್ ಕರೆಸಿ.