ಅರಣ್ಯ ಇಲಾಖೆಯ ನರ್ಸರಿ ಸಸಿಗಳು ಮನೆಯಂಗಳಕ್ಕೆ ಎಷ್ಟು ಒಳ್ಳೆಯವು?

ನೆರಳಿಗೆ, ಹೂವಿಗೆ, ಹಕ್ಕಿಗಳಿಗೆ ಎಂದು ಮನೆಯ ಸುತ್ತ ಮರ ಬೆಳೆಸಬೇಕೆಂದಿರುವವರಿಗೆ ಕರ್ನಾಟಕ ಅರಣ್ಯ ಇಲಾಖೆಯ ನರ್ಸರಿಗಿಂತ ಒಳ್ಳೆಯ ಜಾಗ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣ್ಣಿಗಾಗಿ ಮರ ಬೇಕೆನ್ನುವವರು ಮಾತ್ರ ಬೇರೆ ಕಡೆ ಹೋಗಬೇಕಾಗುತ್ತದೆ. ನಾನು ಇರುವುದು ತುಮಕೂರು ಜಿಲ್ಲೆಯ ಬಯಲುಸೀಮೆಯಲ್ಲಿ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಯುಗಾದಿಯ ಹೊತ್ತಿಗೆ ಕಾದು ಕೆಂಡವಾಗುವ ಅಂಗಳ. ನಮ್ಮ ಮನೆಯಲ್ಲಿಯೂ ನೆಂಟರ ಮನೆಗಳಲ್ಲಿಯೂ ನೆಟ್ಟು ಬೆಳೆಸಿದ ಗಿಡಗಳನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಜಾತಿಗಳ ಆಯ್ಕೆ ಬೇರೆಯಾಗುತ್ತದೆ, ಉಳಿದದ್ದು ಬಹುಪಾಲು ಒಂದೇ.

ಸಾರ್ವಜನಿಕರಿಗೆ ಸಸಿ ವಿತರಿಸುವ ಯೋಜನೆಯಡಿ ಇಲಾಖೆಯು ರಿಯಾಯಿತಿ ದರದಲ್ಲಿ ಸಸಿಗಳನ್ನು ಮಾರುತ್ತದೆ. ಇಲ್ಲಿ ಬೆಲೆಯನ್ನು ಗಿಡದ ಎತ್ತರ ನೋಡಿ ಕಟ್ಟುವುದಿಲ್ಲ, ಅದು ಬೆಳೆದಿರುವ ಪಾಲಿಥೀನ್ ಚೀಲದ ಅಳತೆ ನೋಡಿ ಕಟ್ಟುತ್ತಾರೆ. 5×8, 6×9, 8×12 ಅಂಗುಲದ ಚೀಲಗಳು ಸಾಮಾನ್ಯ. ರಸ್ತೆಬದಿಯ ನೆಡುತೋಪಿಗೆಂದು 10×16 ಮತ್ತು 14×20 ಅಂಗುಲದ ದೊಡ್ಡ ಚೀಲಗಳಲ್ಲಿ ಬೆಳೆಸಿದ ಗಿಡಗಳೂ ಇರುತ್ತವೆ. ದರವನ್ನು ಆಗಾಗ ಪರಿಷ್ಕರಿಸುವುದರಿಂದ ಆ ವರ್ಷದ ಬೆಲೆಯನ್ನು ಕಚೇರಿಯಲ್ಲಿಯೇ ಕೇಳಿಕೊಳ್ಳುವುದು ಒಳಿತು. ಆದರೆ ಸಣ್ಣ ಚೀಲದ ಸಸಿಗಳು ಯಾವಾಗಲೂ ಕೆಲವೇ ರೂಪಾಯಿಗಳಲ್ಲಿ ಸಿಗುತ್ತವೆ, ಹೋಟೆಲಿನ ಒಂದು ತಿಂಡಿಯ ದುಡ್ಡಿಗೆ ಅಂಗಳ ತುಂಬುವಷ್ಟು ಸಸಿ ಬರುತ್ತವೆ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಹಣ ಕಟ್ಟಿ, ರಸೀದಿ ಪಡೆದು ನರ್ಸರಿಯಲ್ಲಿ ತೋರಿಸಿದರೆ ಸಸಿ ಕೊಡುತ್ತಾರೆ. ಆಧಾರ್ ಪ್ರತಿಯೊಂದನ್ನು ಜೊತೆಗೆ ಇಟ್ಟುಕೊಂಡಿದ್ದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ವಿತರಣೆ ಮುಂಗಾರಿನೊಂದಿಗೆ, ಜೂನ್ ತಿಂಗಳಲ್ಲಿ ಶುರುವಾಗುತ್ತದೆ. ಜೂನ್ 5ರ ಪರಿಸರ ದಿನ ಮತ್ತು ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಶಾಲೆಗಳು, ಪಂಚಾಯಿತಿಗಳು, ಸಂಘ ಸಂಸ್ಥೆಗಳು ಒಟ್ಟೊಟ್ಟಿಗೆ ಸಸಿ ಒಯ್ಯುವುದರಿಂದ ಬೇಡಿಕೆಯ ಜಾತಿಗಳು ಬೇಗ ಖಾಲಿಯಾಗುತ್ತವೆ. ಆದ್ದರಿಂದ ಮೇ ತಿಂಗಳಲ್ಲಿಯೇ ನರ್ಸರಿಗೆ ಒಮ್ಮೆ ಹೋಗಿ, ಪಾತಿಗಳ ನಡುವೆ ಓಡಾಡಿ, ಏನೇನು ಇದೆ ಎಂದು ನೋಡಿಕೊಂಡು ಬರಬೇಕು. ಅಲ್ಲಿ ನೀರು ಹಾಯಿಸುವ ಹೆಂಗಸರಿಗೆ ಯಾವ ಸಸಿ ಯಾವಾಗ ಬಿತ್ತಿದ್ದು, ಯಾವುದು ಹುಳ ಬಿದ್ದು ಚೇತರಿಸಿಕೊಂಡದ್ದು ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಅವರನ್ನು ಕೇಳಿ ಆರಿಸಿದ ಸಸಿ ಕೈಕೊಡುವುದು ಅಪರೂಪ.

ಆರಿಸುವಾಗ ಎತ್ತರಕ್ಕೆ ಮರುಳಾಗುವವರೇ ಹೆಚ್ಚು. ಮೂರಡಿ ಎತ್ತರಕ್ಕೆ ಬಳುಕುತ್ತಾ ನಿಂತಿರುವ ತೆಳುಕಾಂಡದ ಸಸಿಗಿಂತ ಒಂದೂವರೆ ಅಡಿಯ, ಬುಡ ಪೆನ್ಸಿಲಿನಷ್ಟು ದಪ್ಪವಿರುವ ಸಸಿ ಎಷ್ಟೋ ಮೇಲು. ಚೀಲವನ್ನು ಎತ್ತಿ ತಳವನ್ನು ನೋಡಬೇಕು. ತಳದಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ, ಎತ್ತುವಾಗ ಅದು ಕಿತ್ತುಬಂದರೆ, ಅದು ಬಹುಮಟ್ಟಿಗೆ ಕಳೆದ ವರ್ಷ ಮಾರಾಟವಾಗದೆ ಉಳಿದ ಸಸಿ ಎಂದು ತಿಳಿಯಬೇಕು. ಇಂತಹ ಸಸಿಯ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮಣ್ಣನ್ನು ಮೆಲ್ಲಗೆ ಉದುರಿಸಿದರೆ ಒಳಗಿನ ಸ್ಥಿತಿ ಕಣ್ಣಿಗೆ ಬೀಳುತ್ತದೆ: ನೇರವಾಗಿ ಇಳಿದ ತಾಯಿಬೇರು ತಳದ ಪ್ಲಾಸ್ಟಿಕ್ಕಿಗೆ ತಾಗಿ ಅಡ್ಡ ತಿರುಗಿ, ಮೇಲಿನಿಂದ ಬಂದ ಪಕ್ಕಬೇರುಗಳನ್ನೂ ಸೇರಿಸಿಕೊಂಡು ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಹಾಗೆಯೇ ನೆಟ್ಟರೆ ಗಿಡ ಸಾಯುವುದಿಲ್ಲ, ಎರಡು ಮೂರು ವರ್ಷ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಬರುವುದು ಮರವಾದ ಮೇಲೆ. ಸುತ್ತಿಕೊಂಡ ಬೇರುಗಳು ದಪ್ಪವಾಗಿ ಒಂದನ್ನೊಂದು ಹಿಸುಕುತ್ತವೆ, ನೆಲದ ಹಿಡಿತ ಸಾಲದೆ ಗಾಳಿಮಳೆಗೆ ಮರ ಬುಡಸಮೇತ ಮಗುಚುತ್ತದೆ. ಸಿಂಬಿ ಎಳೆಯದಾಗಿದ್ದರೆ ನೆಡುವ ಮುನ್ನ ತಳದ ಒಂದು ಅಂಗುಲ ಮಣ್ಣನ್ನು ಬೇರಿನ ಸಮೇತ ಹರಿತವಾದ ಚಾಕುವಿನಿಂದ ಕತ್ತರಿಸಿ ತೆಗೆಯಬಹುದು. ಬೇರು ಬೆರಳಿನಷ್ಟು ದಪ್ಪವಾಗಿದ್ದರೆ ಆ ಸಸಿ ಬೇಡ.

ಜಾತಿಗಳ ವಿಷಯಕ್ಕೆ ಬಂದರೆ, ನಮ್ಮ ಭಾಗದಲ್ಲಿ ಹೊಂಗೆಯನ್ನು ಮೀರಿಸುವ ನೆರಳಿನ ಮರವನ್ನು ನಾನು ಕಂಡಿಲ್ಲ. ಬೇಸಿಗೆಯ ಆರಂಭದಲ್ಲಿ ಕೆಲವೇ ದಿನ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಚಿಗುರಿನಿಂದ ದಟ್ಟವಾಗುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳಿಂದ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವುದರಿಂದ ಬಡ ಮಣ್ಣಿನಲ್ಲಿಯೂ ಹಿಂಜರಿಯುವುದಿಲ್ಲ. ಬೇವು, ನೇರಳೆ, ರಂಜ, ಸಂಪಿಗೆ, ಹೊಳೆದಾಸವಾಳ ಇವೆಲ್ಲ ಸ್ವಲ್ಪ ವಿಶಾಲವಾದ ಅಂಗಳಕ್ಕೆ ಒಪ್ಪುತ್ತವೆ. ಸೈಟಿನ ಅಳತೆ 30×40 ಆಗಿದ್ದು, ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಪಾರಿಜಾತ, ಬಿಲ್ವ, ಸೀತಾಫಲ, ಕರಿಬೇವಿನಂತಹ ಚಿಕ್ಕ ಮರಗಳಿಗೆ ತೃಪ್ತರಾಗಬೇಕು. ಅರಳಿ, ಆಲ, ಅತ್ತಿಗಳ ಮೇಲೆ ನನಗೆ ಬಹಳ ಪ್ರೀತಿಯಿದೆ. ಅವು ದೇವಸ್ಥಾನದ ಬಯಲಿಗೆ, ಕೆರೆ ಏರಿಯ ಆಸುಪಾಸಿಗೆ ಸೇರಿದವು, ಮನೆಯ ತಳಪಾಯದ ಹತ್ತಿರ ಅವನ್ನು ತರಲೇಬಾರದು. ತೇಗ ಮತ್ತು ಸಿಲ್ವರ್ ಓಕನ್ನು ಆಸ್ತಿಯೆಂದು ಅಂಗಳದಲ್ಲಿ ನೆಡುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ನೆರಳು ಬೇಕಾದಾಗಲೇ ತೇಗ ಬೋಳಾಗಿ ನಿಂತಿರುತ್ತದೆ. ಶ್ರೀಗಂಧ ಬೇಕೆನ್ನುವವರು ಅದು ಬೇರೆ ಗಿಡಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ ಎಂಬುದನ್ನು ನೆನಪಿಡಬೇಕು. ಪಕ್ಕದಲ್ಲಿ ಮೊದಲು ತೊಗರಿಯಂತಹ ಗಿಡವನ್ನೂ, ಮುಂದೆ ಹೊಂಗೆಯಂತಹ ಮರವನ್ನೂ ಕೊಡದಿದ್ದರೆ ಸೊರಗುತ್ತದೆ. ಇನ್ನೊಂದು ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಸ್ವಂತ ಜಾಗದಲ್ಲಿದ್ದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮುಂದೆ ಕಡಿಸಬೇಕಾಗಿ ಬರುವಂತಹ ಜಾಗದಲ್ಲಿ ಇಂದೇ ನೆಡದಿರುವುದು ಎಲ್ಲರಿಗೂ ಕ್ಷೇಮ.

ಹಣ್ಣಿನ ವಿಷಯ ಬೇರೆ. ಅರಣ್ಯ ನರ್ಸರಿಯಲ್ಲಿ ಸಿಗುವ ನೇರಳೆ, ಹಲಸು, ಹುಣಸೆ, ನೆಲ್ಲಿ ಸಾಮಾನ್ಯವಾಗಿ ಬೀಜದ ಸಸಿಗಳು. ಬೀಜದಿಂದ ಹುಟ್ಟಿದ ಹಲಸು ತಾಯಿಮರದ ರುಚಿಯನ್ನೇ ಕೊಡುತ್ತದೆ ಎಂಬ ಭರವಸೆಯಿಲ್ಲ, ಫಸಲಿಗೆ ಕಾಯಬೇಕಾದ ವರ್ಷಗಳೂ ಹೆಚ್ಚು. ಇದಕ್ಕೆ ತೋಟಗಾರಿಕೆ ಇಲಾಖೆಯ ಕ್ಷೇತ್ರಗಳು ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸರಿಯಾದ ಜಾಗ. ಬೆಲೆ ಹೆಚ್ಚಾದರೂ ತಳಿಯ ಬಗ್ಗೆ ಅನುಮಾನ ಇರುವುದಿಲ್ಲ. ಚಿಕ್ಕ ಅಂಗಳಕ್ಕೆ ಆ ಸಂಸ್ಥೆಯ ಅರ್ಕಾ ಅರುಣಾ ಮಾವು ಒಳ್ಳೆಯ ಆಯ್ಕೆ, ಬಂಗನಪಲ್ಲಿ ಮತ್ತು ಆಲ್ಫಾನ್ಸೊ ತಳಿಗಳ ಈ ಸಂಕರ ಗಿಡ್ಡವಾಗಿಯೇ ಬೆಳೆಯುತ್ತದೆ. ನಮ್ಮ ಜಿಲ್ಲೆಯದೇ ಆದ, ತಾಮ್ರವರ್ಣದ ತೊಳೆಯ ಸಿದ್ದು ಹಲಸಿನ ಕಸಿಗಿಡಗಳು ಸಿಕ್ಕರಂತೂ ಬಿಡಬಾರದು.

ಬೀದಿಗೆ ಬರುವ ಸಸಿ ಗಾಡಿಗಳ ಬಗ್ಗೆ ಎಚ್ಚರ ಹೇಳಲೇಬೇಕು. ನಮ್ಮ ಬೀದಿಗೆ ಬಂದ ಒಬ್ಬರು ಮಲ್ಲಿಕಾ ಕಸಿ ಎಂದು ಕೊಟ್ಟ ಮಾವಿನ ಸಸಿಯ ಕಾಂಡಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿದಾಗ ಒಳಗೆ ಕಸಿಯ ಗುರುತೇ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ನುಣುಪಾದ ತೊಗಟೆ. ನಿಜವಾದ ಕಸಿಯಲ್ಲಿ ಬುಡದಿಂದ ಗೇಣಿನ ಆಸುಪಾಸಿನಲ್ಲಿ ಓರೆಯಾದ ಗಂಟು ಕಾಣುತ್ತದೆ, ಅದರ ಮೇಲಿನ ಮತ್ತು ಕೆಳಗಿನ ತೊಗಟೆಯ ಬಣ್ಣದಲ್ಲಿ ಸ್ವಲ್ಪವಾದರೂ ವ್ಯತ್ಯಾಸವಿರುತ್ತದೆ. ಪಟ್ಟಿ ಬಿಚ್ಚಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ.

ಅಗ್ಗದ ಸಸಿ ಎಂದಾಕ್ಷಣ ಗುಂಡಿಯೂ ಅಗ್ಗವಾಗಬಾರದು. ಹಾರೆಯಲ್ಲಿ ನಾಲ್ಕು ಏಟು ಹಾಕಿ ಸಸಿ ತುರುಕಿದರೆ ಅದು ಬದುಕುವುದು ಅದೃಷ್ಟದಿಂದ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಯನ್ನು ಬೇಸಿಗೆಯಲ್ಲಿಯೇ ತೆಗೆಸಿ ಬಿಸಿಲಿಗೆ ಬಿಡಬೇಕು. ಮನೆ ಕಟ್ಟಿದ ಜಾಗವಾದರೆ ಸಿಮೆಂಟ್ ಚೂರು, ಇಟ್ಟಿಗೆ, ಜಲ್ಲಿ ಸಿಕ್ಕೇ ಸಿಗುತ್ತವೆ. ಅವನ್ನೆಲ್ಲ ಹೆಕ್ಕಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಗೆದ್ದಲಿನ ಕಾಟವಿದ್ದರೆ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದು ಕೂರಿಸಿದಂತೆ. ನಮ್ಮ ಕಡೆ ಮೃಗಶಿರ ಮಳೆ ನೆಲವನ್ನು ನೆನೆಸಿದ ಮೇಲೆ, ಆರಿದ್ರಾ ಮಳೆಯ ಮೋಡ ಕವಿದ ಸಂಜೆಯೊಂದರಲ್ಲಿ ನೆಡುವುದು ಉತ್ತಮ. ಚೀಲವನ್ನು ಪೂರ್ತಿ ತೆಗೆಯಬೇಕು, ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ನೆಲದಲ್ಲಿಯೂ ಅಲ್ಲಿಯವರೆಗೇ ಇರಬೇಕು, ಕಸಿಗಿಡವಾದರೆ ಗಂಟು ಎಂದಿಗೂ ಮಣ್ಣಿನೊಳಗೆ ಹೋಗಬಾರದು. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡಕೂಡಲೇ ಚಿವುಟಬೇಕು.

ಮಳೆಗಾಲದಲ್ಲಿ ಎಲ್ಲ ಸಸಿಗಳೂ ನಳನಳಿಸುತ್ತವೆ, ಪರೀಕ್ಷೆ ನಡೆಯುವುದು ಮೊದಲ ಎರಡು ಬೇಸಿಗೆಗಳಲ್ಲಿ. ಬುಡಕ್ಕೆ ದಿನವೂ ಒಂದು ಚೊಂಬು ನೀರು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಎರಡು ಸಲ ಕೊಟ್ಟರೂ ಬಿಂದಿಗೆ ತುಂಬ ಕೊಡಬೇಕು. ನೀರಿಗೆ ಬಹಳ ಕಷ್ಟವಿರುವವರು ಸಸಿಯಿಂದ ಒಂದಡಿ ದೂರದಲ್ಲಿ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ಚೂರು ಮುಚ್ಚಿಡಬಹುದು. ಮಡಕೆಯ ಮೈಯಿಂದ ಒಸರುವ ನೀರು ನೇರವಾಗಿ ಬೇರಿಗೆ ಸೇರುತ್ತದೆ. ತೆಂಗಿನ ಗರಿ, ಒಣ ಎಲೆಗಳ ಮುಚ್ಚಿಗೆ ಬುಡದ ಸುತ್ತ ಇರಲಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಕಾಂಪೌಂಡ್ ಇಲ್ಲದವರು ಆಡುಗಳಿಂದ ಉಳಿಸಿಕೊಳ್ಳಲು ಜಾಲಿ ಮುಳ್ಳನ್ನು ಸುತ್ತ ಕಟ್ಟಲೇಬೇಕು.

ಕೃಷಿ ಜಮೀನು ಇರುವವರಿಗೆ ಇದೇ ನರ್ಸರಿಗಳ ಮೂಲಕ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೆ. ಪಹಣಿ ಕೊಟ್ಟು ನೋಂದಾಯಿಸಿಕೊಂಡು ನೆಟ್ಟ ಸಸಿಗಳು ಬದುಕಿದರೆ, ಸಸಿಯೊಂದಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನವನ್ನು ಈ ಯೋಜನೆಯಲ್ಲಿ ನಿಗದಿ ಮಾಡಲಾಗಿದೆ. ಮನೆಯಂಗಳದ ಗಿಡಗಳಿಗೆ ಇದು ಅನ್ವಯಿಸುವುದಿಲ್ಲ.

ಇಲಾಖೆಯಲ್ಲಿ ನನ್ನ ಕೋರಿಕೆ ಎರಡೇ. ಪ್ರತಿ ಪಾತಿಯ ತಲೆಗೆ ಜಾತಿಯ ಹೆಸರಿನ ಜೊತೆಗೆ ಬಿತ್ತಿದ ತಿಂಗಳು ಮತ್ತು ವರ್ಷವನ್ನು ಬರೆದ ಫಲಕ ಇರಲಿ. ಹಳೆಯ ಸಸಿಯನ್ನು ಗುರುತಿಸಲು ಕೊಳ್ಳುವವರು ಚೀಲದ ತಳ ತಡಕುವ ಅಗತ್ಯ ಆಗ ಇರುವುದಿಲ್ಲ. ಮತ್ತು ಪಾರಿಜಾತ, ಕಕ್ಕೆ, ರಂಜದಂತಹ ಅಂಗಳಕ್ಕೆ ಹೊಂದುವ ನಾಡಿನ ಮರಗಳನ್ನು ತೇಗ, ಸಿಲ್ವರ್ ಓಕ್‌ಗಳಷ್ಟೇ ಧಾರಾಳವಾಗಿ ಬೆಳೆಸಲಿ. ಕೇಳಿ ಒಯ್ಯುವವರು ಊರೂರಿನಲ್ಲಿಯೂ ಇದ್ದಾರೆ.