ಕ್ಯಾನನ್ 1500ಡಿ: ಮೂರು ವರ್ಷ ‘ಎಂ’ ಮೋಡ್‌ನಲ್ಲೇ ಬಳಸಿದ ಮೇಲೆ

‘ಎಂ’ ಎಂದರೆ ಮ್ಯಾನುವಲ್, ಎಲ್ಲವನ್ನೂ ಕೈಯಾರೆ ಹೊಂದಿಸುವ ಮೋಡ್. ಅದನ್ನು ಕಲಿಯಲು ಈ ಕ್ಯಾಮೆರಾ ಸಾಕೇ? ಸಾಕು. ಇದರಲ್ಲಿ ಏನಿಲ್ಲ ಎಂದು ಮೊದಲೇ ತಿಳಿದಿದ್ದರೆ ಮಾತ್ರ.

ಹೊಂದಾಣಿಕೆಗೆ ಡಯಲ್ ಇರುವುದು ಒಂದೇ. ತಿರುಗಿಸಿದರೆ ಶಟರ್ ವೇಗ (ಬೆಳಕು ಒಳಬರುವ ಸಮಯ) ಬದಲಾಗುತ್ತದೆ. ಅಪರ್ಚರ್ (ಲೆನ್ಸ್ ಕಿಂಡಿಯ ಅಗಲ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಬದಲಿಸಬೇಕೆಂದರೆ ಹಿಂದಿನ ‘ಎವಿ’ ಬಟನ್ ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ತಿರುಗಿಸಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಅಂಕಿ) 100, 200, 400 ಎಂದು ಇಮ್ಮಡಿಯಾಗೇ ಜಿಗಿಯುತ್ತದೆ. ಹಾಗಾಗಿ ಅಪರ್ಚರ್ ಮತ್ತು ಐಎಸ್‌ಒ ಮೊದಲೇ ಕೂರಿಸಿಬಿಡಿ, ಚೂರುಪಾರು ಹೊಂದಾಣಿಕೆ ಶಟರ್‌ನಲ್ಲಿ ಮಾಡಿ.

ಜೊತೆಗೆ ಬರುವ 18-55 ಲೆನ್ಸ್‌ನಲ್ಲಿ ಹೊಸಬರು ಎಡವುವ ಜಾಗ ಒಂದಿದೆ. 18ರಲ್ಲಿ ಎಫ್/3.5 ಇಟ್ಟು ಎಲ್ಲ ಸರಿ ಮಾಡಿಕೊಂಡು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ ತಾನೇ 5.6ಕ್ಕೆ ಕಿರಿದಾಗಿ ಚಿತ್ರ ಕಪ್ಪಾಗುತ್ತದೆ. ಮೊದಲೇ 5.6 ಇಟ್ಟರೆ ಈ ಕಾಟವಿಲ್ಲ.

ನೆತ್ತಿ ಸುಡುವ ಬಿಸಿಲಿಗೆ ಮೀಟರ್ (ಕ್ಯಾಮೆರಾದೊಳಗಿನ ಬೆಳಕಿನ ಮಾಪಕ) ನೋಡುವ ಅಗತ್ಯವೇ ಇಲ್ಲ: ಐಎಸ್‌ಒ 100, ಎಫ್/8, 1/400 ಸೆಕೆಂಡ್. ಮೀಟರ್ ದಾರಿ ತಪ್ಪಿಸುವುದು ಬೇಲೂರಿನಂಥ ಕಡೆ. ಕಂಡದ್ದನ್ನೆಲ್ಲ ನಡುಬೂದು ಮಾಡುವುದೇ ಅದರ ಕೆಲಸ. ಕಪ್ಪು ಬಳಪದ ಕಲ್ಲು ಬೂದಿ ಬಳಿದಂತೆ ಬರುತ್ತದೆ. ಮೀಟರಿನ ಸೂಚಿಯನ್ನು ಸೊನ್ನೆಗಿಂತ ಎರಡು ಗೆರೆ ಎಡಕ್ಕೆ ಬಿಡಿ. ಬಿಳಿ ಪಂಚೆ-ಶಲ್ಯದ ಮದುಮಗನಿಗೆ ಇದೇ ಲೆಕ್ಕ ತಿರುಗುಮುರುಗು, ಬಲಕ್ಕೆ. ಗುಡಿಯೊಳಗೆ 50 ಎಂಎಂ ಎಫ್/1.8 ಬೇಕೇ ಬೇಕು. ಆ ಲೆನ್ಸ್‌ನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಈ ಕ್ಯಾಮೆರಾದ ಚಿಕ್ಕ ಸೆನ್ಸರ್‌ಗಾಗಿ 50ನ್ನು 1.6ರಿಂದ ಗುಣಿಸಿ, 1/80ಕ್ಕಿಂತ ಕೆಳಗೆ ಇಳಿಯಬೇಡಿ.

ನಿಜವಾದ ಪರೀಕ್ಷೆ ಯಕ್ಷಗಾನದ ರಂಗಸ್ಥಳ. ಹಿಂದೆ ಕಗ್ಗತ್ತಲು, ಮುಂದೆ ಮಿಂಚುವ ಕಿರೀಟ. ಕತ್ತಲನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೀಟರ್ ಬೆಳಕು ಸಾಲದು ಎನ್ನುತ್ತದೆ, ಅದರ ಮಾತು ಕೇಳಿದರೆ ಮುಖದ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತದೆ. ಒಂದು ಚುಕ್ಕಿಯಷ್ಟು ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇದರಲ್ಲಿಲ್ಲ, ಪಾರ್ಶಿಯಲ್ ಇದೆ. ಅದು ನಡುವಿನ ಶೇ. 10ರಷ್ಟು ಜಾಗ ಮಾತ್ರ ನೋಡುತ್ತದೆ. ಮುಖವನ್ನು ನಡುವೆ ಇಟ್ಟು ಅಳೆದು, ಆಮೇಲೆ ಚೌಕಟ್ಟು ಬದಲಿಸಿ. ಎಫ್/2, ಐಎಸ್‌ಒ 1600ರಿಂದ ಶುರು ಮಾಡಿ. ವೇಷಧಾರಿ ಅರ್ಥ (ಮಾತು) ಹೇಳುವಾಗ 1/100 ಸಾಕು. ಸುತ್ತುತ್ತ ಜಿಗಿಯುವ ಧಿಗಿಣಕ್ಕೆ 1/500 ಬೇಕು, ಐಎಸ್‌ಒ 6400ರವರೆಗೂ ಹೋಗಬೇಕಾದೀತು. ಗ್ರೇನ್ (ಮರಳಿನಂಥ ಚುಕ್ಕೆ) ಬರುತ್ತದೆ, ಬರಲಿ. ಅಲುಗಿದ ಚಿತ್ರಕ್ಕಿಂತ ವಾಸಿ.

ಅಗ್ಗದ ಎಲ್‌ಇಡಿ ಕೆಳಗೆ ಮಾತ್ರ ಆ 1/500 ಕೈಕೊಡಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವಾದಷ್ಟೂ ಚಿತ್ರದಲ್ಲಿ ಅಡ್ಡಪಟ್ಟೆ. ಮಿನುಗು ತಪ್ಪಿಸುವ ಆಂಟಿ-ಫ್ಲಿಕರ್ ಇಲ್ಲದ ಈ ಕ್ಯಾಮೆರಾದಲ್ಲಿ 1/100 ಅಥವಾ 1/50 ಒಂದೇ ಗತಿ. ಕುಣಿತ ಬಿಟ್ಟು, ವೇಷ ನಿಂತ ಕ್ಷಣ ಕಾಯಿರಿ. ಕೆಂಪು ದಗಲೆ (ವೇಷದ ಅಂಗಿ) ಇದ್ದರೆ ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ನಕ್ಷೆ) ಅನ್ನು ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಆರ್‌ಜಿಬಿಗೆ ಬದಲಿಸಿಕೊಳ್ಳಿ. ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಮಾತ್ರ ನಕ್ಷೆಯ ಬಲಗೋಡೆಗೆ ಬಡಿದು, ಬಟ್ಟೆಯ ನೆರಿಗೆಯೇ ಮಾಯವಾಗಿರುತ್ತದೆ. ಕ್ಯಾಮೆರಾದ ಹಿಂದಿನ ಪರದೆಯನ್ನು ನಂಬಬೇಡಿ. ಕತ್ತಲಲ್ಲಿ ಅದು ಎಲ್ಲವನ್ನೂ ಚೆನ್ನಾಗಿಯೇ ತೋರಿಸುತ್ತದೆ.

ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದಕ್ಕೆ) ಬೆಳಕಿನ ಬಣ್ಣ ಸೂಚಿಸುವ ಕೆಲ್ವಿನ್ ಅಂಕಿ ಕೊಡುವ ಸೌಲಭ್ಯ ಇಲ್ಲ. ಆ ದೀಪದ ಕೆಳಗೇ ಬಿಳಿ ಹಾಳೆಯ ಫೋಟೊ ತೆಗೆದು ಮೆನುವಿನಲ್ಲಿ ಕಸ್ಟಮ್ ಆಗಿ ಆರಿಸಬಹುದು, ಇಲ್ಲವೇ ಆಮೇಲೆ ಬಣ್ಣ ತಿದ್ದಬಹುದಾದ ರಾ ಫೈಲ್ ತೆಗೆಯಿರಿ. ಎರಡನೆಯದೇ ಸಲೀಸು.

ಎಲ್ಲದಕ್ಕೂ ‘ಎಂ’ ಎನ್ನುವುದು ಹಟ. ಬೆಳಕು ಒಂದೇ ಸಮ ಇದ್ದರೆ ಅದಕ್ಕೆ ಸಾಟಿಯಿಲ್ಲ. ಮೋಡ ಸರಿದಾಡುವ ಮಲೆನಾಡಿನ ಮಧ್ಯಾಹ್ನಕ್ಕೆ ‘ಎವಿ’ ಮೋಡ್ (ಅಪರ್ಚರ್ ನಾವು, ಶಟರ್ ಕ್ಯಾಮೆರಾ ಆರಿಸುವುದು) ಮೇಲು.

ಇನ್ನೊಂದು: ಯಕ್ಷಗಾನದ ಆಟ ಮುಗಿದ ಮೇಲೆ ಕ್ಯಾಮೆರಾ ಆಫ್ ಮಾಡುವ ಮುನ್ನ ಐಎಸ್‌ಒ 100ಕ್ಕೆ ತನ್ನಿ. 3200ರಲ್ಲೇ ಉಳಿದರೆ, ಮರುದಿನ ಬಿಸಿಲಲ್ಲಿ ಎಫ್/8ಕ್ಕೆ 1/12800 ಬೇಕಾಗುತ್ತದೆ. ಇದರ ಶಟರ್ 1/4000ಕ್ಕೇ ನಿಲ್ಲುತ್ತದೆ.