ಥಾರ್‌ಗೆ ಹಾಕಿಸಿದ ಸ್ಕಿಡ್ ಪ್ಲೇಟ್

ನಮ್ಮ ತೋಟ ಸಕಲೇಶಪುರದ ಕಡೆ. ಮಳೆಗಾಲ ಮುಗಿಯುವಷ್ಟರಲ್ಲಿ ತೋಟದ ದಾರಿಯಲ್ಲಿ ಮಣ್ಣು ಕೊಚ್ಚಿಹೋಗಿ ಬರೀ ಕಲ್ಲು ಉಳಿದಿರುತ್ತದೆ. ನಮ್ಮ ಮಹೀಂದ್ರಾ ಥಾರ್‌ ಗಾಡಿಗೆ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) ಇದ್ದರೂ ಎಂಜಿನ್ ಅಡಿಯಲ್ಲಿ ಆಯಿಲ್ ತುಂಬಿರುವ ಆಯಿಲ್ ಸಂಪ್‌ಗೆ ಏಟು ಬೀಳುವ ಭಯ ತಪ್ಪಿದ್ದಲ್ಲ.

ಅದಕ್ಕೇ ಸ್ಕಿಡ್ ಪ್ಲೇಟ್, ಅಂದರೆ ಗಾಡಿಯ ತಳವನ್ನು ಕಲ್ಲಿನ ಏಟಿನಿಂದ ಕಾಯುವ ಲೋಹದ ತಗಡು. ನಾನು ಹಾಕಿಸಿದ್ದು 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್. ಅಷ್ಟು ದಪ್ಪ ಇದ್ದರೂ 3 ಮಿ.ಮೀ. ಸ್ಟೀಲ್‌ಗಿಂತ ಹಗುರ. ಸ್ಟೀಲ್ ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ, ಅಲ್ಯೂಮಿನಿಯಂಗೆ ಗೀರು ಜಾಸ್ತಿ. ಆದರೆ ಬಿಚ್ಚಿ ಹಾಕುವಾಗ ಒಬ್ಬರೇ ಎತ್ತಿ ಹಿಡಿಯಬಹುದು. ನನಗೆ ಅದೇ ಮುಖ್ಯ.

ಎಂಜಿನ್‌ಗೆ ಒಂದು, ಗೇರ್‌ಬಾಕ್ಸ್‌ಗೆ ಒಂದು, ಬೇರೆ ಬೇರೆ ತುಂಡುಗಳಿವೆ. ಇದು ತುಂಬಾ ಒಳ್ಳೆಯ ಯೋಚನೆ. ಬೋಲ್ಟ್ ತಲೆಗಳು ಗುಳಿಯೊಳಗೆ ಕೂತಿರುವುದರಿಂದ ಕಲ್ಲಿಗೆ ಉಜ್ಜಿ ಸವೆಯುವುದಿಲ್ಲ, ಸ್ಪ್ಯಾನರ್ ಸರಿಯಾಗಿ ಹಿಡಿಯುತ್ತದೆ.

ಬೇಸರ ಒಂದೇ. ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ಕೆಳಗೆ ಪ್ಲೇಟಿನಲ್ಲಿರುವ ತೂತು ಚಿಕ್ಕದು. ಸಾಕೆಟ್ ಸಲೀಸಾಗಿ ಹೋಗುತ್ತದೆ. ಆದರೆ ಆಯಿಲ್ ನೆಟ್ಟಗೆ ಕೆಳಗೆ ಬೀಳುವುದಿಲ್ಲ, ಓರೆಯಾಗಿ ಚಿಮ್ಮುತ್ತದೆ, ಅಲ್ವಾ? ಅರ್ಧ ಪ್ಲೇಟಿನ ಮೇಲೇ ಹರಡುತ್ತದೆ. ಆಮೇಲೆ ಶೆಡ್ಡಿನಲ್ಲಿ ತೊಟ್ಟಿಕ್ಕುವಾಗ ಲೀಕ್ ಇದೆಯೇನೋ ಎಂಬ ಅನುಮಾನ ಬೇರೆ. ಹಾಗಾಗಿ ಸರ್ವಿಸ್ ಸಮಯದಲ್ಲಿ ಮುಂದಿನ ತುಂಡನ್ನು ಬಿಚ್ಚಿಸಿಯೇ ಬಿಡುತ್ತೇನೆ. ಹೇಗೂ ಒಳಗೆ ಸೇರಿದ ಕೆಸರು, ತರಗೆಲೆ ತೆಗೆಯಬೇಕು. ಒಣಗಿದ ಎಲೆ ಸೈಲೆನ್ಸರ್ ಪೈಪಿನ ಹತ್ತಿರ ಉಳಿದರೆ ಬೆಂಕಿಯ ಅಪಾಯ.

ಕೊಳ್ಳುವ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಪ್ಲೇಟ್ ಹಿಡಿದು ನೋಡಿ. ಡ್ರೈನ್ ಬೋಲ್ಟ್ ಯಾವ ಕಡೆ ಮುಖ ಮಾಡಿದೆ, ಆಯಿಲ್ ಫಿಲ್ಟರ್‌ಗೆ ಕೈ ಹೋಗುತ್ತದೆಯೇ ಎಂದು ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ.